ಲೈನ್ ನಿಲ್ಲಬಾರದು, ಮೆಷಿನ್ ಕೆಡಬಾರದು: ಒಬ್ಬ ಮೇಂಟೆನೆನ್ಸ್ ಮ್ಯಾನೇಜರ್ ಪ್ರಕರಣ

ಮೊದಲ ಭೇಟಿಯಲ್ಲಿ ಅವರು ನನ್ನ ಮುಂದೆ ಎರಡು ಹಾಳೆ ಇಟ್ಟರು. ಒಂದು ಬೆಳಗಿನ ಮೀಟಿಂಗ್‌ನ ಟಿಪ್ಪಣಿ: ಈ ತಿಂಗಳು ಯಾವ ಕಾರಣಕ್ಕೂ ಲೈನ್ ನಿಲ್ಲಬಾರದು. ಇನ್ನೊಂದು ಅದೇ ದಿನ ಮಧ್ಯಾಹ್ನ ಬಂದ ಇಮೇಲ್: ಬ್ರೇಕ್‌ಡೌನ್ ಕಡಿಮೆಯಾಗಬೇಕು, ಪ್ರಿವೆಂಟಿವ್ ಮೇಂಟೆನೆನ್ಸ್ (ಕೆಡುವ ಮೊದಲೇ ಮಾಡುವ ನಿಗದಿತ ಆರೈಕೆ) ಒಂದೂ ತಪ್ಪಬಾರದು. ಎರಡನ್ನೂ ಹೇಳಿದ್ದು ಒಬ್ಬರೇ, ಪ್ಲಾಂಟ್ ಹೆಡ್.

"ಇದರಲ್ಲಿ ಯಾವ ಮಾತು ಕೇಳಲಿ, ನೀವೇ ಹೇಳಿ ಸರ್" ಎಂದರು.

ಮ್ಯಾನೇಜರ್‌ಗಳ ಜೊತೆ ಕೂತು, ಅವರ ಕೆಲಸದ ತೊಡಕುಗಳನ್ನು ಮಾತಿನಲ್ಲಿ ಬಿಡಿಸಲು ನೆರವಾಗುವುದು ನನ್ನ ಕೆಲಸ. ಇವರ ಜೊತೆ ಆರು ತಿಂಗಳು, ಎರಡು ವಾರಕ್ಕೊಮ್ಮೆ ಕೂತೆ. ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಸನ್ನಿವೇಶ

ಅದು ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಕಾರ್ಖಾನೆ. ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್‌ಗಳು ಮೂರೂ ಶಿಫ್ಟ್ ಓಡುತ್ತವೆ. ಇವರು ಟೆಕ್ನಿಷಿಯನ್ ಆಗಿ ಸೇರಿ, ಮೇಲೆ ಬಂದು, ಮೇಂಟೆನೆನ್ಸ್ ಮ್ಯಾನೇಜರ್ ಆಗಿ ಎಂಟು ತಿಂಗಳಾಗಿತ್ತು. ಪಂಪಿನ ಸದ್ದು ಕೇಳಿಯೇ ಎಲ್ಲಿ ತೊಂದರೆ ಎಂದು ಹೇಳಬಲ್ಲವರು. ಕೆಲಸ ಗೊತ್ತಿಲ್ಲದ್ದು ಅವರ ಕಷ್ಟವಾಗಿರಲಿಲ್ಲ.

ನನ್ನನ್ನು ಕರೆಸುವುದಕ್ಕೆ ಸ್ವಲ್ಪ ಮುಂಚೆ ಒಂದು ಘಟನೆ ನಡೆದಿತ್ತು. ಒಂದು ದೊಡ್ಡ ಮೆಷಿನ್‌ನ ಹೈಡ್ರಾಲಿಕ್ ಪಂಪ್, ಅಂದರೆ ಎಣ್ಣೆಯ ಒತ್ತಡದಿಂದ ಮೆಷಿನ್ ನಡೆಸುವ ಪಂಪ್, ರಾತ್ರಿ ಪಾಳಿಯಲ್ಲಿ ಜಾಮ್ ಆಯಿತು. ಬದಲಿ ಪಂಪ್ ಬಂದು ಜೋಡಿಸುವ ಹೊತ್ತಿಗೆ ಎರಡು ದಿನ ಹೋಯಿತು. ಬಿಚ್ಚಿ ನೋಡಿದರೆ ಎಣ್ಣೆಯ ಫಿಲ್ಟರ್ ಪೂರಾ ಕಟ್ಟಿಕೊಂಡಿತ್ತು.

ಈ ಫಿಲ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೈಡ್ರಾಲಿಕ್ ಫಿಲ್ಟರ್ ಕಟ್ಟಿಕೊಂಡರೆ ಮೆಷಿನ್ ತಕ್ಷಣ ನಿಲ್ಲುವುದಿಲ್ಲ. ಒತ್ತಡ ಜಾಸ್ತಿಯಾದಾಗ ಪಕ್ಕದಲ್ಲಿರುವ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಎಣ್ಣೆ ಸೋಸದೆಯೇ ಮುಂದೆ ಹೋಗುತ್ತದೆ. ಮೆಷಿನ್ ಎಂದಿನಂತೆ ಓಡುತ್ತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ. ಒಳಗೆ ಮಾತ್ರ ಕಣ್ಣಿಗೆ ಕಾಣದ ಲೋಹದ ಪುಡಿ ಪಂಪನ್ನೂ ವಾಲ್ವುಗಳನ್ನೂ ದಿನಾ ಸವೆಸುತ್ತಿರುತ್ತದೆ. ಫಿಲ್ಟರ್ ಮೇಲಿನ ಸೂಚಕ ಕೆಂಪಿಗೆ ತಿರುಗಿರುತ್ತದೆ, ನೋಡುವವರು ಇರಬೇಕು ಅಷ್ಟೆ.

ಇಲ್ಲಿ ನೋಡಿದವರಿದ್ದರು. ಫಿಲ್ಟರ್ ಬದಲಿಸುವ ಕೆಲಸ ಮೂರು ಸಲ ನಿಗದಿಯಾಗಿ, ಮೂರು ಸಲವೂ ಮುಂದಕ್ಕೆ ಹೋಗಿತ್ತು. ಲೈನ್ ನಿಲ್ಲಿಸಲು ಆಗುವುದಿಲ್ಲ ಎಂದು ಮುಂದಕ್ಕೆ ಹಾಕಿದ್ದು ಇವರೇ. ಪಂಪ್ ಹೋದ ಮೇಲೆ ನಡೆದ ಮೀಟಿಂಗ್‌ನಲ್ಲಿ ಇವರಿಗೆ ಬಂದ ಪ್ರಶ್ನೆ: "ನೀವು ಯಾಕೆ ಮೊದಲೇ ನಿಲ್ಲಿಸಲಿಲ್ಲ?"

ಆ ಪ್ರಶ್ನೆ ಹೇಳುವಾಗ ಅವರ ಗಂಟಲು ಕಟ್ಟಿತು. ಬೈದಿದ್ದಕ್ಕೆ ಬೇಜಾರಿಲ್ಲ ಎಂದರು. ನಿಲ್ಲಿಸಿದ್ದರೆ "ಯಾಕೆ ನಿಲ್ಲಿಸಿದಿರಿ" ಎಂದು ಕೇಳುತ್ತಿದ್ದವರೂ ಅವರೇ ಅಲ್ವಾ, ಅದನ್ನು ಅಲ್ಲಿ ಬಾಯಿ ಬಿಟ್ಟು ಹೇಳಲು ಆಗಲಿಲ್ಲವಲ್ಲ, ಅದು ಕೊರೆಯುತ್ತಿದೆ ಎಂದರು.

ನಾನು ಮೊದಲು ಮಾಡಿದ ತಪ್ಪು

ನಾನು ಇದನ್ನು ಪ್ಲಾನಿಂಗ್ ಸಮಸ್ಯೆ ಎಂದುಕೊಂಡೆ. ಇಬ್ಬರೂ ಕೂತು ಪಟ್ಟಿ ಮಾಡಿದೆವು. ಯಾವ ಮೆಷಿನ್‌ಗೆ ಯಾವ ಕೆಲಸ, ಎಷ್ಟು ಹೊತ್ತು, ಯಾವ ಪಾಳಿಯಲ್ಲಿ ನಿಲ್ಲಿಸಿದರೆ ನಷ್ಟ ಕಡಿಮೆ. ಅಚ್ಚು ಬದಲಿಸಲು ಹೇಗೂ ಮೆಷಿನ್ ನಿಲ್ಲುತ್ತದೆ, ಆ ಹೊತ್ತಿನಲ್ಲೇ ಫಿಲ್ಟರ್, ಗ್ರೀಸ್, ಹೀಟರ್ ಪರೀಕ್ಷೆ ಮುಗಿಸುವುದು ಎಂದು ಜೋಡಿಸಿದೆವು. ಒಳ್ಳೆಯ ಪಟ್ಟಿಯೇ. ಅದರ ಒಂದಷ್ಟು ಭಾಗ ಈಗಲೂ ಬಳಕೆಯಲ್ಲಿದೆ.

ಆದರೆ ಮೂರನೇ ವಾರಕ್ಕೆ ಅದು ಮುರಿದುಬಿತ್ತು. ಒಂದು ತುರ್ತು ಆರ್ಡರ್ ಬಂತು, ಎರಡು ಕೆಲಸ ರದ್ದಾದವು.

"ಯಾರು ರದ್ದು ಮಾಡಿ ಅಂದರು?" ಎಂದು ಕೇಳಿದೆ.

"ಯಾರೂ ಹೇಳಲಿಲ್ಲ. ಹೇಳಬೇಕಾಗಿಲ್ಲವಲ್ಲ ಸರ್. ನನಗೇ ಗೊತ್ತಾಗುತ್ತೆ."

ಈ ಉತ್ತರ ಕೇಳಿದಾಗ ನನಗೆ ಪ್ರಕರಣ ಬೇರೆಯಾಗಿಯೇ ಕಾಣಿಸಿತು. ಇಡೀ ಕಾರ್ಖಾನೆಯ ಹಗ್ಗಜಗ್ಗಾಟ ಇವರೊಬ್ಬರ ಎದೆಯೊಳಗೆ ನಡೆಯುತ್ತಿತ್ತು. ಎರಡೂ ತುದಿಯನ್ನು ಇವರೇ ಹಿಡಿದು ಎಳೆಯುತ್ತಿದ್ದರು. ಯಾವ ತುದಿ ಸೋತರೂ ಸೋತವರು ಇವರೇ. ಪ್ರೊಡಕ್ಷನ್ ಮ್ಯಾನೇಜರ್‌ಗೆ ರದ್ದಾದ ಕೆಲಸದ ಸುದ್ದಿಯೇ ಇರಲಿಲ್ಲ. ಪ್ಲಾಂಟ್ ಹೆಡ್‌ಗಂತೂ ಇಂಥದ್ದೊಂದು ಜಗ್ಗಾಟ ಇದೆ ಎಂಬುದೇ ಗೊತ್ತಿರಲಿಲ್ಲ.

1956ರಲ್ಲಿ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಮತ್ತು ಜೊತೆಗಾರರು ಮನೆಯೊಳಗಿನ ಮಾತುಕತೆಯ ಬಗ್ಗೆ ಬರೆಯುತ್ತಾ 'ಡಬಲ್ ಬೈಂಡ್' ಎಂಬ ಸ್ಥಿತಿಯನ್ನು ವಿವರಿಸಿದರು. ಒಂದಕ್ಕೊಂದು ಒಗ್ಗದ ಎರಡು ಆಜ್ಞೆ ಬರುತ್ತದೆ. ಅದಷ್ಟೇ ಆಗಿದ್ದರೆ ಮನುಷ್ಯ ಹೇಗೋ ನಿಭಾಯಿಸಿಯಾನು. ಆ ಎರಡು ಒಗ್ಗುತ್ತಿಲ್ಲ ಎಂದು ಹೇಳುವ ಹಾಗೂ ಇಲ್ಲ, ಅಲ್ಲಿಂದ ಎದ್ದು ಹೋಗುವ ಹಾಗೂ ಇಲ್ಲ ಎಂದಾಗ ಉಸಿರು ಕಟ್ಟುತ್ತದೆ. ಇವರಿಗೆ ಆಗಿದ್ದು ಅದೇ. ನಾನು ಪಟ್ಟಿ ಮಾಡಿಕೊಟ್ಟು ಆ ಹೊರೆಯನ್ನು ಇನ್ನೂ ಅಚ್ಚುಕಟ್ಟಾಗಿ ಅವರ ತಲೆಯ ಮೇಲೆಯೇ ಇಟ್ಟಿದ್ದೆ. ಇದನ್ನು ಅವರಿಗೆ ಹೇಳಿ ಕ್ಷಮೆ ಕೇಳಿದೆ.

ಒಳ್ಳೆಯ ಪಟ್ಟಿಗಳು ಹೀಗೆ ಮತ್ತೆ ಮತ್ತೆ ಮುರಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ನೆಲ್ಸನ್ ರೆಪೆನ್ನಿಂಗ್ ಮತ್ತು ಜಾನ್ ಸ್ಟರ್ಮನ್ ಎಂಬ ಸಂಶೋಧಕರು 2001ರಲ್ಲಿ ಅದನ್ನು ಚೆನ್ನಾಗಿ ವಿವರಿಸಿದ್ದಾರೆ. ಮೇಂಟೆನೆನ್ಸ್ ಬಿಟ್ಟರೆ ಅದರ ಲಾಭ ಇವತ್ತೇ ಕಾಣುತ್ತದೆ, ಉತ್ಪಾದನೆ ಏರುತ್ತದೆ. ನಷ್ಟ ಕಾಣುವುದು ತಿಂಗಳುಗಳ ನಂತರ. ಆ ಹೊತ್ತಿಗೆ ಯಾವುದರಿಂದ ಯಾವುದಾಯಿತು ಎಂದು ಯಾರೂ ಜೋಡಿಸಿ ನೋಡುವುದಿಲ್ಲ. ಇನ್ನೊಂದು ಮಾತು ಅವರದು: ಆಗದೇ ಹೋದ ತೊಂದರೆಯನ್ನು ತಡೆದವರಿಗೆ ಹೆಸರು ಬರುವುದಿಲ್ಲ. ಈ ಕಾರ್ಖಾನೆಯಲ್ಲೂ ರಾತ್ರಿ ಎರಡು ಗಂಟೆಗೆ ಓಡಿ ಬಂದು ಪಂಪ್ ಬದಲಿಸಿದ ಟೆಕ್ನಿಷಿಯನ್‌ಗೆ ಚಪ್ಪಾಳೆ ಸಿಕ್ಕಿತ್ತು. ಸಿಗಲೇಬೇಕಿತ್ತು. ಆದರೆ ಪಕ್ಕದ ಮೆಷಿನ್‌ಗೆ ಸರಿಯಾದ ಸಮಯಕ್ಕೆ ಫಿಲ್ಟರ್ ಹಾಕಿದವನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಪ್ರಶ್ನೆ ಬದಲಾಯಿತು

ಮುಂದಿನ ಭೇಟಿಗೆ ನಾನು ಪಟ್ಟಿ ಒಯ್ಯಲಿಲ್ಲ. ನನ್ನ ತಲೆಯಲ್ಲಿ ಲೆಗೊ ಎಂಬ ಆಟಿಕೆ ಕಂಪನಿಯ ಮೇಲಿನ ಅಧ್ಯಯನ ಓಡುತ್ತಿತ್ತು. ಆ ಡೆನ್ಮಾರ್ಕ್ ಕಂಪನಿ ತನ್ನ ಒಳಗಿನ ವ್ಯವಸ್ಥೆಯನ್ನು ಬದಲಿಸುತ್ತಿದ್ದಾಗ ಸಂಶೋಧಕಿ ಲೊಟ್ಟೆ ಲೂಷರ್ ಅಲ್ಲಿನ ಉತ್ಪಾದನಾ ವಿಭಾಗದ ಮಧ್ಯದ ಹಂತದ ಮ್ಯಾನೇಜರ್‌ಗಳ ಜೊತೆ ಕೂತು ಮಾತಾಡಿದರು. ಮೇರಿಯನ್ ಲೂಯಿಸ್ ಜೊತೆ ಸೇರಿ 2008ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಮ್ಯಾನೇಜರ್‌ಗಳಿಗೆ ತಂಡಗಳನ್ನು ಅವುಗಳ ಪಾಡಿಗೆ ಬಿಡಿ ಎಂದೂ ಹೇಳಲಾಗಿತ್ತು, ಉತ್ಪಾದನೆ ಹೆಚ್ಚಿಸಿ ಎಂದೂ ಹೇಳಲಾಗಿತ್ತು. ಮಾತು ಸಾಗುತ್ತಾ ಹೋದಂತೆ ಅವರ ನೋಟ ಹಂತ ಹಂತವಾಗಿ ಬದಲಾಯಿತು. ಮೊದಲು ಎಲ್ಲ ಗೊಂದಲ. ಆಮೇಲೆ ಅದು ಒಂದು ಸಮಸ್ಯೆ, ಪರಿಹಾರ ಹುಡುಕೋಣ ಅನ್ನಿಸಿತು. ಆಮೇಲೆ ಇಕ್ಕಟ್ಟು, ಎರಡರಲ್ಲಿ ಒಂದನ್ನು ಆರಿಸಬೇಕು ಅನ್ನಿಸಿತು. ಕೊನೆಗೆ ವಿರೋಧಾಭಾಸ: ಎರಡೂ ನಿಜ, ಎರಡೂ ಬೇಕು, ಒಂದನ್ನು ಬಿಟ್ಟರೆ ಇನ್ನೊಂದೂ ಉಳಿಯದು. ಅಲ್ಲಿಗೆ ತಲುಪಿದವರಿಗೆ ಸಿಕ್ಕಿದ್ದು ಪೂರ್ತಿ ಉತ್ತರವಲ್ಲ. ಸದ್ಯಕ್ಕೆ ಹೆಜ್ಜೆ ಇಡಲು ಸಾಕಾಗುವಷ್ಟು ಖಾತ್ರಿ.

ನಮ್ಮ ಮ್ಯಾನೇಜರ್ ಇಕ್ಕಟ್ಟಿನ ಹಂತದಲ್ಲಿ ನಿಂತಿದ್ದರು. ಅತ್ತ ದರಿ, ಇತ್ತ ಪುಲಿ. ಹಾಗಾಗಿ ನಾನು ಕೇಳಿದೆ:

"ಒಂದು ವರ್ಷ ಲೈನ್ ಒಮ್ಮೆಯೂ ನಿಲ್ಲಿಸಲೇ ಇಲ್ಲ ಅಂದುಕೊಳ್ಳಿ. ಏನಾಗುತ್ತೆ?"

"ತಾನೇ ನಿಂತುಹೋಗುತ್ತೆ. ಒಂದು ವರ್ಷವೂ ಬೇಡ."

"ಸರಿ. ನೀವು ಕೇಳಿದಾಗಲೆಲ್ಲ ನಿಲ್ಲಿಸೋಕೆ ಬಿಟ್ಟರು ಅಂದುಕೊಳ್ಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೆಷಿನ್ ಹೊಸದರ ಹಾಗೆ ಇರುತ್ತೆ. ಆರ್ಡರ್ ಇರಲ್ಲ. ಆಮೇಲೆ ನಾನೂ ಇರಲ್ಲ."

"ಹಾಗಾದ್ರೆ ಓಡಿಸೋದು ಯಾರ ಕೆಲಸ, ನಿಲ್ಲಿಸೋದು ಯಾರ ಕೆಲಸ?"

ಈ ಪ್ರಶ್ನೆಗೆ ಅವರು ಆ ದಿನ ಉತ್ತರಿಸಲಿಲ್ಲ. ಎರಡು ವಾರ ಬಿಟ್ಟು ಬಂದಾಗ ತಾವಾಗಿಯೇ ಹೇಳಿದರು: "ನಾನು ಇಷ್ಟು ದಿನ ನಿಲ್ಲಿಸೋ ಪಕ್ಷದವಳು ಅಂದುಕೊಂಡಿದ್ದೆ. ಪ್ರೊಡಕ್ಷನ್‌ನವರು ಓಡಿಸೋ ಪಕ್ಷ. ನಾನು ನಿಲ್ಲಿಸೋದೇ ಓಡಿಸೋಕೆ. ಅವರು ಓಡಿಸದೇ ಇದ್ರೆ ನಾನು ನಿಲ್ಲಿಸೋಕೆ ಏನೂ ಇರಲ್ಲ. ಇದು ಗೊತ್ತಿದ್ದದ್ದೇ, ಆದ್ರೆ ಹೀಗೆ ಯೋಚಿಸಿರಲಿಲ್ಲ."

ಅದೇ ದಿನ ಇನ್ನೊಂದು ಗಂಟು ಬಿಚ್ಚಿಕೊಂಡಿತು. ನಾನು ಅದನ್ನು ಹುಡುಕಿರಲಿಲ್ಲ. ತಮ್ಮ ಟೆಕ್ನಿಷಿಯನ್‌ಗಳು ಏನನ್ನೂ ತಾವೇ ತೀರ್ಮಾನಿಸುವುದಿಲ್ಲ, ಪ್ರತಿಯೊಂದಕ್ಕೂ ಫೋನ್ ಮಾಡುತ್ತಾರೆ ಎಂದು ಬೇಸರಪಟ್ಟರು. "ನೀವೇ ನಿರ್ಧಾರ ಮಾಡಿ ಅಂತ ಎಷ್ಟು ಸಲ ಹೇಳಿದ್ದೀನಿ!" ಅವರು ಹಾಗೆ ಹೇಳಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳಿದೆ. ರಾತ್ರಿ ಮನೆಯಲ್ಲಿ ಕೂತು ಪ್ರತಿಯೊಬ್ಬರ ಜಾಬ್ ಶೀಟ್ (ಮಾಡಿದ ಕೆಲಸ ಬರೆದಿಡುವ ಹಾಳೆ) ಓದುತ್ತೇನೆ, ತಪ್ಪಿದ್ದರೆ ಬೆಳಿಗ್ಗೆ ಕರೆದು ಕೇಳುತ್ತೇನೆ ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ನಿಧಾನವಾಯಿತು. ಪ್ಲಾಂಟ್ ಹೆಡ್ ತಮಗೆ ಮಾಡುತ್ತಿದ್ದುದನ್ನೇ ತಾವು ಕೆಳಗಿನವರಿಗೆ ಮಾಡುತ್ತಿದ್ದುದು ಅವರಿಗೆ ಆಗ ಕಂಡಿತು. ಇದನ್ನು ನಾನು ಹೇಳಿದ್ದರೆ ಚುಚ್ಚಿದ ಹಾಗಾಗುತ್ತಿತ್ತು. ಅವರೇ ಕಂಡುಕೊಂಡರು.

ಲೆಗೊ ಮ್ಯಾನೇಜರ್‌ಗಳ ಕಚೇರಿಯ ಗೋಡೆಯಲ್ಲಿ ಹಿಂದೆ 11 ವಿರೋಧಾಭಾಸಗಳ ಪಟ್ಟಿ ತೂಗುಹಾಕಿರುತ್ತಿತ್ತು. ಅದರಲ್ಲೊಂದು, ಕೆಲಸಗಾರರನ್ನು ನಂಬಬೇಕು, ಏನು ನಡೆಯುತ್ತಿದೆ ಎಂದು ಕಣ್ಣಿಟ್ಟೂ ಇರಬೇಕು ಎನ್ನುವುದು. ನಾನು ಅದನ್ನು ಹೇಳಿದಾಗ ಅವರ ಮುಖ ಸಡಿಲವಾಯಿತು. ತಮ್ಮೊಬ್ಬರ ಕೊರತೆ ಅಂದುಕೊಂಡದ್ದು ಆ ಕೆಲಸದ ಗುಣವೇ ಆಗಿತ್ತು.

ವಿರೋಧಾಭಾಸ ಅಲ್ಲದ್ದು ಯಾವುದು

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿರೋಧಾಭಾಸ ಎಂಬ ಈ ಮಾತನ್ನು ಕಲಿತ ಮೇಲಧಿಕಾರಿಗಳು ಅದನ್ನು ತುಂಬ ಸುಲಭವಾಗಿ ಕೆಟ್ಟದಾಗಿ ಬಳಸಬಹುದು. "ಎರಡೂ ಬೇಕು, ನಿಭಾಯಿಸಿ, ಇದೇ ನಾಯಕತ್ವ" ಎಂದು ಹೇಳಿ ಕೈ ತೊಳೆದುಕೊಳ್ಳಬಹುದು.

ಈ ವಿಭಾಗದಲ್ಲಿ ಒಂದು ಟೆಕ್ನಿಷಿಯನ್ ಹುದ್ದೆ ತುಂಬ ದಿನದಿಂದ ಖಾಲಿ ಇತ್ತು. ಇದ್ದವರು ಹೆಚ್ಚುವರಿ ಪಾಳಿ ಮಾಡಿ ಸುಸ್ತಾಗಿದ್ದರು. ಅದು ವಿರೋಧಾಭಾಸ ಅಲ್ಲ. ಜನ ಕಡಿಮೆ ಇದ್ದಾರೆ, ಅಷ್ಟೆ. ಅದಕ್ಕೆ ಬೇಕಾದದ್ದು ಹೊಸ ನೋಟವಲ್ಲ, ಒಬ್ಬ ಮನುಷ್ಯ.

ಇನ್ನೊಂದು ಸುರಕ್ಷತೆ. ಒಂದು ಮೆಷಿನ್‌ನ ಗಾರ್ಡ್ ಬಾಗಿಲಿನ ಇಂಟರ್‌ಲಾಕ್ ಸ್ವಿಚ್ ಆಗಾಗ ಕೈಕೊಡುತ್ತಿತ್ತು. ಅದನ್ನು ತಪ್ಪಿಸಿ ಓಡಿಸೋಣವೇ ಎಂಬ ಮಾತು ರಾತ್ರಿ ಪಾಳಿಯಲ್ಲಿ ಬಂದಿತ್ತು. ಬಾಗಿಲು ತೆರೆದಿದ್ದಾಗ ಅಚ್ಚು ಮುಚ್ಚದಂತೆ ತಡೆಯುವುದು ಆ ಸ್ವಿಚ್. ಅದಿಲ್ಲದಿದ್ದರೆ ಕೈ ಹೋಗುತ್ತದೆ. ಇಲ್ಲಿ ತೂಗಿ ನೋಡುವ ಮಾತೇ ಇಲ್ಲ. ಮೆಷಿನ್ ನಿಲ್ಲಬೇಕು. ಇವರು ಆ ರಾತ್ರಿಯೇ ನಿಲ್ಲಿಸಿದರು, ಯಾರನ್ನೂ ಕೇಳಲಿಲ್ಲ.

ನಾವಿಬ್ಬರೂ ಕೂತು ಅವರ ಮೇಲಿದ್ದ ಎಲ್ಲ ಜಗ್ಗಾಟಗಳನ್ನು ಹೀಗೆ ಬೇರ್ಪಡಿಸಿದೆವು. ನಿಜಕ್ಕೂ ವಿರೋಧಾಭಾಸ ಎನ್ನಬಹುದಾದದ್ದು ಉಳಿದದ್ದು ಎರಡೇ: ಓಡಿಸು–ನಿಲ್ಲಿಸು, ನಂಬು–ಕಣ್ಣಿಡು.

ಒಂದು ಹಾಳೆ, ಇಬ್ಬರು ಮ್ಯಾನೇಜರ್‌ಗಳು

ಬ್ಯಾರಿ ಜಾನ್ಸನ್ ಎಂಬವರು ರೂಪಿಸಿದ ನಾಲ್ಕು ಮನೆಯ ನಕ್ಷೆಯೊಂದಿದೆ. ಎರಡು ತುದಿ, ಪ್ರತಿ ತುದಿಗೂ ಒಂದು ಒಳ್ಳೆಯ ಮನೆ, ಒಂದು ಕೆಟ್ಟ ಮನೆ. ಒಂದೇ ತುದಿಗೆ ಅಂಟಿಕೊಂಡರೆ ಆ ತುದಿಯ ಕೆಟ್ಟ ಮನೆಗೆ ಜಾರುತ್ತೀರಿ ಎನ್ನುವುದು ಅದರ ಹುರುಳು.

ಇದನ್ನು ಮ್ಯಾನೇಜರ್ ಒಬ್ಬರೇ ತುಂಬಿದ್ದರೆ ಹೊರೆ ಮತ್ತೆ ಅವರ ತಲೆಯ ಮೇಲೆಯೇ ಕೂರುತ್ತಿತ್ತು. ಹಾಗಾಗಿ ಪ್ರೊಡಕ್ಷನ್ ಮ್ಯಾನೇಜರ್‌ರನ್ನು ಕರೆದೆವು. ಒಂದು ಸಣ್ಣ ಬದಲಾವಣೆ ಮಾಡಿದೆ: ನಿಲ್ಲಿಸುವುದರ ಒಳ್ಳೆಯದನ್ನು ಪ್ರೊಡಕ್ಷನ್‌ನವರು ಬರೆಯಬೇಕು, ಓಡಿಸುವುದರ ಒಳ್ಳೆಯದನ್ನು ಮೇಂಟೆನೆನ್ಸ್‌ನವರು.

ಮೊದಲ ಹತ್ತು ನಿಮಿಷ ಇಬ್ಬರೂ ಪೆನ್ನು ಹಿಡಿದು ಕೂತರು, ಅಷ್ಟೆ. ಆಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಬರೆದ ಮೊದಲ ಸಾಲು: "ರಾತ್ರಿ ಫೋನ್ ಬರುವುದಿಲ್ಲ." ಅದನ್ನು ಓದಿ ಇವರು ತಲೆಯೆತ್ತಿದರು. "ನಿಮಗೂ ರಾತ್ರಿ ಫೋನ್ ಬರುತ್ತಾ ಸರ್?" ಒಂದೇ ಕಟ್ಟಡದಲ್ಲಿ ಇಷ್ಟು ವರ್ಷ ಕೆಲಸ ಮಾಡಿದವರು. ಪ್ರತಿ ಬ್ರೇಕ್‌ಡೌನ್‌ಗೂ ಇಬ್ಬರ ನಿದ್ದೆಯೂ ಕೆಡುತ್ತಿತ್ತು, ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಎರಡು ಗಂಟೆಯಲ್ಲಿ ಹಾಳೆ ತುಂಬಿತು. ಅದರಿಂದ ಬಂದ ಒಪ್ಪಂದ ಸರಳ. ನಿಗದಿಯಾದ ಕೆಲಸವನ್ನು ರದ್ದು ಮಾಡಬಹುದು, ಆದರೆ ಗುಟ್ಟಾಗಿ ಅಲ್ಲ. ಇಬ್ಬರೂ ಸಹಿ ಹಾಕಬೇಕು, ಹೊಸ ದಿನಾಂಕ ಬರೆಯಬೇಕು, ಅದು ಬೋರ್ಡ್ ಮೇಲೆ ಕಾಣಬೇಕು. ಒಂದೇ ಕೆಲಸ ಎರಡನೇ ಸಲ ರದ್ದಾಗುವಂತಿದ್ದರೆ, ಇಲ್ಲವೇ ಫಿಲ್ಟರ್ ಸೂಚಕ ಕೆಂಪಾದರೆ, ಓಡಿಸುವ ಕಡೆಗೆ ಜಾಸ್ತಿ ವಾಲಿದ್ದೇವೆ ಎಂದರ್ಥ. ಮೆಷಿನ್ ನಿಲ್ಲಿಸಿದ ಕೆಲಸ ಹೇಳಿದ ಸಮಯ ಮೀರುತ್ತಲೇ ಇದ್ದರೆ ಇನ್ನೊಂದು ಕಡೆಗೆ ವಾಲಿದ್ದೇವೆ. ವಾರಕ್ಕೊಮ್ಮೆ ಹದಿನೈದು ನಿಮಿಷ ಇಬ್ಬರೂ ಬೋರ್ಡ್ ಮುಂದೆ ನಿಂತು ನೋಡುವುದು.

ಮೇಲಿನವರ ಎದುರು

ಕಷ್ಟದ ಭಾಗ ಇದು. ಪ್ಲಾಂಟ್ ಹೆಡ್ ಜೊತೆಗಿನ ಭೇಟಿಗೆ ನಾವು ಎರಡು ಸಲ ತಯಾರಿ ಮಾಡಿದೆವು. ನೀವು ಎರಡು ಮಾತು ಹೇಳುತ್ತೀರಿ ಎಂದು ತೋರಿಸಿದರೆ ಅವರು ಸಿಟ್ಟಾಗುತ್ತಾರೆ, ಬಾಗಿಲು ಮುಚ್ಚುತ್ತದೆ. ಹಾಗಂತ ಹೇಳದೇ ಬಂದರೆ ಹೋದದ್ದೇ ವ್ಯರ್ಥ.

ಬೋರ್ಡ್ ವಿಷಯ ಕೇಳಿದ ಪ್ಲಾಂಟ್ ಹೆಡ್ ನಾವು ಅಂದುಕೊಂಡದ್ದನ್ನೇ ಹೇಳಿದರು: "ನನಗೆ ಎರಡೂ ಬೇಕು ಮೇಡಂ."

"ಎರಡೂ ಬೇಕು ಸರ್, ನನಗೂ ಬೇಕು" ಎಂದರು ಇವರು. "ಆದ್ರೆ ಈ ಗುರುವಾರ ರಾತ್ರಿ ಆ ಒಂದು ಮೆಷಿನ್‌ನಲ್ಲಿ ಎರಡೂ ಒಟ್ಟಿಗೆ ಆಗಲ್ಲ. ಈ ವಾರ ಯಾವುದು ಮುಂದೆ ಅಂತ ನಾವು ಮೂರು ಜನ ಸೇರಿ ಹೇಳೋಣ. ಹಿಂದೆ ಉಳಿದದ್ದು ಯಾವತ್ತು ಅಂತಲೂ ಇವತ್ತೇ ಬರೆಯೋಣ. ಇಷ್ಟು ದಿನ ಇದನ್ನ ನಾನೊಬ್ಬಳೇ ತೀರ್ಮಾನ ಮಾಡ್ತಿದ್ದೆ. ಆ ಪಂಪ್ ಹೋದದ್ದು ಹಾಗೇ."

ಪ್ಲಾಂಟ್ ಹೆಡ್ ತುಂಬ ಹೊತ್ತು ಬೋರ್ಡಿನ ಫೋಟೊ ನೋಡಿದರು. ಆಮೇಲೆ, ತಮಗೂ ಮೇಲಿನಿಂದ ಬರುವುದು ಇವೇ ಎರಡು ಮಾತು ಎಂದರು. ಒಂದು ಸೇಲ್ಸ್‌ನಿಂದ, ಇನ್ನೊಂದು ಹಣಕಾಸಿನವರಿಂದ. ಅವರಿಗೂ ಅದನ್ನು ಹೇಳಿಕೊಳ್ಳುವ ಜಾಗ ಇರಲಿಲ್ಲ. ಖಾಲಿ ಹುದ್ದೆಯ ವಿಷಯವನ್ನು ಇವರು ಅದೇ ಮೀಟಿಂಗ್‌ನಲ್ಲಿ ಬೇರೆಯಾಗಿ, ಖಡಾಖಂಡಿತವಾಗಿ ಕೇಳಿದರು. ಅದನ್ನು ಬೆರೆಸದೆ ಕೇಳಿದ್ದು ತುಂಬ ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಆದದ್ದು

ಮೊದಲ ಎರಡು ತಿಂಗಳು ಲೆಕ್ಕ ಇನ್ನೂ ಕೆಟ್ಟಿತು. ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಲು ಮೆಷಿನ್‌ಗಳು ಮೊದಲಿಗಿಂತ ಜಾಸ್ತಿ ನಿಂತವು, ಬ್ರೇಕ್‌ಡೌನ್ ಇನ್ನೂ ಇಳಿದಿರಲಿಲ್ಲ. ಒಂದು ಆರ್ಡರ್ ಒಂದು ದಿನ ತಡವಾಯಿತು. ಹೀಗಾಗುತ್ತದೆ ಎಂದು ಮೊದಲೇ ಮೂವರೂ ಬರೆದಿಟ್ಟುಕೊಂಡಿದ್ದರು. ಇಲ್ಲದಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು.

ಬಳಿಕ ರಾತ್ರಿಯ ಕರೆಗಳು ಕಡಿಮೆಯಾದವು. ಹಳೆಯ ಮೆಷಿನ್ ಒಂದು ಮಾತ್ರ ಈಗಲೂ ಕಾಡುತ್ತಿದೆ. ಅದನ್ನು ಬದಲಿಸುವುದೇ ದಾರಿ ಎಂದು ಇಬ್ಬರೂ ಮ್ಯಾನೇಜರ್‌ಗಳು ಸೇರಿ ಬರೆದುಕೊಟ್ಟಿದ್ದಾರೆ.

ಮೆಷಿನ್ ಒರೆಸುವುದು, ಎಣ್ಣೆ ಮಟ್ಟ ನೋಡುವುದು, ಸೂಚಕ ನೋಡುವುದು, ಇಷ್ಟನ್ನು ಆಪರೇಟರ್‌ಗಳೇ ಪಾಳಿಯ ಶುರುವಿನಲ್ಲಿ ಮಾಡುವಂತಾಯಿತು. ಇದು ಹೊಸದೇನಲ್ಲ. ಜಪಾನಿನ ನಿಪ್ಪಾನ್‌ಡೆನ್ಸೊ ಕಂಪನಿ 1970ರ ಸುಮಾರಿಗೇ ಮೆಷಿನ್ ಓಡಿಸುವವರಿಗೇ ಅದರ ದಿನನಿತ್ಯದ ಆರೈಕೆಯನ್ನೂ ಕೊಟ್ಟಿತ್ತು. ಓಡಿಸುವವರು ಬೇರೆ, ಸರಿಮಾಡುವವರು ಬೇರೆ ಎಂಬ ಗೆರೆ ಅದರಿಂದ ಸ್ವಲ್ಪ ಅಳಿಸುತ್ತದೆ. ಆದರೆ ಇಲ್ಲಿನ ಕೆಲವು ಆಪರೇಟರ್‌ಗಳು ಗೊಣಗಿದರು. ಅವರ ದೂರಿನಲ್ಲಿ ನ್ಯಾಯವಿತ್ತು: ಕೆಲಸ ಸೇರಿಸಿದಿರಿ, ಅದಕ್ಕೆ ಸಮಯ ಕೊಟ್ಟಿಲ್ಲ. ಪಾಳಿಯ ಶುರುವಿನಲ್ಲಿ ಹತ್ತು ನಿಮಿಷ ಬಿಡಿಸಿಕೊಡಲು ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಿದರು.

ನಂಬು–ಕಣ್ಣಿಡು ವಿಷಯದಲ್ಲಿ ಇವರ ನಡಿಗೆ ನಿಧಾನ. ಎಲ್ಲ ಜಾಬ್ ಶೀಟ್ ಓದುವುದನ್ನು ಬಿಟ್ಟು, ವಾರಕ್ಕೆ ಕೆಲವನ್ನು ಆರಿಸಿ, ಅದನ್ನು ಮಾಡಿದವರ ಜೊತೆಯೇ ಕೂತು ಓದುತ್ತಾರೆ. ಯಾವ ಕೆಲಸಕ್ಕೆ ಕೇಳಬೇಕು, ಯಾವುದಕ್ಕೆ ಬೇಡ ಎಂದು ಟೆಕ್ನಿಷಿಯನ್‌ಗಳೇ ಪಟ್ಟಿ ಮಾಡಿದ್ದಾರೆ. ಕೆಲವು ರಾತ್ರಿ ಮನಸ್ಸು ತಡೆಯದೆ ಎಲ್ಲವನ್ನೂ ತೆರೆದು ನೋಡುತ್ತೇನೆ ಎಂದು ಅವರೇ ಹೇಳಿದರು. ಆ ಕಳವಳ ಪೂರ್ತಿ ಹೋಗಲಿ ಎಂದು ನಾನು ಬಯಸುವುದೂ ಇಲ್ಲ. ಮೆಷಿನ್ ಬಗ್ಗೆ, ಅದರ ಪಕ್ಕ ನಿಲ್ಲುವ ಜನರ ಬಗ್ಗೆ ಅವರಿಗಿರುವ ಕಾಳಜಿಯೂ ಅದೇ ಜಾಗದಿಂದ ಬರುತ್ತದೆ.

ಖಾಲಿ ಹುದ್ದೆ ಐದನೇ ತಿಂಗಳಲ್ಲಿ ತುಂಬಿತು.

ಕೊನೆಯ ಭೇಟಿಗೆ ನಾನು ಹೋದಾಗ ಅವರು ಬೋರ್ಡ್ ಮುಂದೆ ನಿಂತಿದ್ದರು. ಆ ವಾರ ಒಂದು ಫಿಲ್ಟರ್ ಕೆಲಸ ರದ್ದಾಗಿತ್ತು. ತುರ್ತು ಆರ್ಡರ್. ಸೂಚಕ ಇನ್ನೂ ಹಸಿರು ಇದೆ, ಹೋಗಿ ನೋಡಿ ಬಂದಿದ್ದೇನೆ ಎಂದರು. ಕೆಳಗೆ ಎರಡು ಸಹಿ ಇತ್ತು, ಪಕ್ಕದಲ್ಲಿ ಮುಂದಿನ ಮಂಗಳವಾರದ ದಿನಾಂಕ. ಪ್ರೊಡಕ್ಷನ್ ಮ್ಯಾನೇಜರ್ ಅದರ ಕೆಳಗೆ ತಮ್ಮ ಕೈಯಿಂದಲೇ ಇನ್ನೊಂದು ಸಾಲು ಬರೆದಿದ್ದರು: ಇನ್ನೊಮ್ಮೆ ಮುಂದಕ್ಕೆ ಹಾಕುವಂತಿಲ್ಲ.